ಅಗ್ಗದ ಬ್ಲಾಕ್ ಕಿಟ್‌ನಿಂದ ಗಟ್ಟಿ ಹಾಯಿಹಡಗು ಕಟ್ಟುವುದು

ನಮ್ಮಪ್ಪ ಗೌಂಡಿ ಕೆಲಸ ಮಾಡಿದವರು. ಹಳೇ ಬಾಗಲಕೋಟೆಯ ತಗ್ಗಿನ ಓಣಿಗಳು ಆಲಮಟ್ಟಿ ಹಿನ್ನೀರಿನ ಪಾಲಾಗಿ, ಜನ ನವನಗರದ ಸೆಕ್ಟರುಗಳಲ್ಲಿ ಮನೆ ಎಬ್ಬಿಸುತ್ತಿದ್ದ ಕಾಲದಲ್ಲಿ ಅವರಿಗೆ ಬಿಡುವೇ ಇರಲಿಲ್ಲ. ಗಾಡಿಯಿಂದ ಇಟ್ಟಂಗಿ ಇಳಿಯುತ್ತಿದ್ದಂತೆ ಎರಡನ್ನು ಎತ್ತಿ ಒಂದಕ್ಕೊಂದು ಬಡಿದು ಕಿವಿಗೊಡುತ್ತಿದ್ದರು. ಠಣ್ಣೆಂದರೆ ಗೋಡೆಗೆ, ಸದ್ದು ಮಂಕಾಗಿದ್ದರೆ ಬದಿಗೆ. “ಅರ್ಧ ಗ್ವಾಡಿ ಇಟ್ಟಂಗಿ ಆರ್ಸೂದ್ರಾಗ ಐತಿ” ಅನ್ನುವುದು ಅವರ ಮಾತು.

ಕಳೆದ ಬೇಸಿಗೆ ರಜೆಯಲ್ಲಿ ಅಣ್ಣನ ಮಗಳ ಜತೆ ಕೂತು ಪ್ಲಾಸ್ಟಿಕ್ ಬ್ಲಾಕಿನ ಮೂರು ಕಂಬದ ಹಾಯಿಹಡಗೊಂದನ್ನು ಕಟ್ಟಿದೆ. 1,260 ತುಣುಕು, ಕೊಟ್ಟದ್ದು 1,900 ರೂಪಾಯಿ. ಹೆಸರಾದ ಕಂಪನಿಯ ಇಷ್ಟೇ ತುಣುಕಿನ ಪೆಟ್ಟಿಗೆಗೆ ಇದರ ಹಲವು ಪಟ್ಟು ಬೆಲೆ. ಕಡಿಮೆ ಬೆಲೆಗೆ ಬಂದ ಕಿಟ್‌ನಲ್ಲಿ ಏನೇನು ಕೊರತೆ ಇರುತ್ತದೆ ಎಂಬುದು ಮೊದಲೇ ಗೊತ್ತಿದ್ದರೆ ಅದನ್ನು ಕೈಯಿಂದ ತುಂಬಿಕೊಳ್ಳಬಹುದು. ಆ ತುಂಬುವ ಕೆಲಸವೆಲ್ಲ ಶುರುವಿನಲ್ಲೇ ಇದೆ: ಆರಿಸುವುದರಲ್ಲಿ ಮತ್ತು ಹಡಗಿನ ತಳದಲ್ಲಿ. ಕಂಬ, ಹಾಯಿ, ಬಾವುಟ ಎಲ್ಲ ಆಮೇಲಿನ ಮಾತು. ಹಾಗಾಗಿ ಈ ಬರಹದಲ್ಲಿಯೂ ಆ ಎರಡಕ್ಕೇ ಹೆಚ್ಚು ಜಾಗ ಕೊಟ್ಟಿದ್ದೇನೆ.

ಕೊಳ್ಳುವ ಮುನ್ನ

ನಮ್ಮಲ್ಲಿ ಇಂಥ ಕಿಟ್‌ಗಳನ್ನೆಲ್ಲ ಒಟ್ಟಾಗಿ “ಡೂಪ್ಲಿಕೇಟ್ ಲೆಗೊ” ಅಂದುಬಿಡುತ್ತಾರೆ. ಇದರಲ್ಲಿ ಎರಡು ಜಾತಿ ಇವೆ, ಬೇರೆ ಬೇರೆಯಾಗಿ ನೋಡಬೇಕು. ಲೆಗೊ ಡೆನ್ಮಾರ್ಕಿನ ಬಿಲ್ಲುಂಡ್ ಎಂಬ ಊರಿನ ಕಂಪನಿ, 1932ರಲ್ಲಿ ಓಲೆ ಕಿರ್ಕ್ ಕ್ರಿಸ್ಟಿಯನ್ಸನ್ ಎಂಬ ಬಡಗಿ ಶುರು ಮಾಡಿದ್ದು. ಮೇಲೆ ಉಬ್ಬು, ಕೆಳಗೆ ಒಳಗಡೆ ಕೊಳವೆ ಇರುವ ಈಗಿನ ಬ್ಲಾಕಿಗೆ ಅದು ಪೇಟೆಂಟ್ ಅರ್ಜಿ ಹಾಕಿದ್ದು 1958ರ ಜನವರಿ 28ರಂದು. ಅದಕ್ಕೂ ಮೊದಲೇ ಬ್ರಿಟನ್ನಿನ ಹಿಲರಿ ಪೇಜ್ ಅವರ ಕಿಡ್ಡಿಕ್ರಾಫ್ಟ್ ಕಂಪನಿ ಒಂದರ ಮೇಲೊಂದು ಕೂರುವ ಪ್ಲಾಸ್ಟಿಕ್ ಬ್ಲಾಕ್ ಮಾರುತ್ತಿತ್ತು, ಲೆಗೊ ಅದನ್ನು ನೋಡಿಯೇ ತನ್ನ ಮೊದಲ ಬ್ಲಾಕು ರೂಪಿಸಿತು. 1958ರ ಪೇಟೆಂಟಿನ ಅವಧಿ ಮುಗಿದು ದಶಕಗಳೇ ಕಳೆದಿವೆ. ಬ್ಲಾಕಿನ ಆಕಾರವನ್ನೇ ಟ್ರೇಡ್‌ಮಾರ್ಕ್ ಮಾಡಿಕೊಳ್ಳಲು ಬರುವುದಿಲ್ಲ ಎಂದು 2010ರಲ್ಲಿ ಯುರೋಪಿನ ನ್ಯಾಯಾಲಯವೂ ಹೇಳಿತು. ಆದ್ದರಿಂದ ಲೆಗೊಗೆ ಹೊಂದಿಕೊಳ್ಳುವ ಬ್ಲಾಕು ಮಾಡಿ, ತಮ್ಮದೇ ಹಡಗಿನ ವಿನ್ಯಾಸ ಹಾಕಿ, ತಮ್ಮದೇ ಹೆಸರಲ್ಲಿ ಮಾರುವವರು ತಪ್ಪೇನೂ ಮಾಡುತ್ತಿಲ್ಲ.

ಇನ್ನೊಬ್ಬರ ಹಡಗಿನ ವಿನ್ಯಾಸ, ಪೆಟ್ಟಿಗೆಯ ಚಿತ್ರ, ಸೂಚನೆ ಪುಸ್ತಕ ಎಲ್ಲವನ್ನೂ ಹಾಗೇ ಎತ್ತಿಕೊಂಡು ಹೆಸರಿನಲ್ಲಿ ಒಂದಕ್ಷರ ತಿರುಚಿ ಮಾರುವುದು ಕಳ್ಳತನ. ಅದಕ್ಕೆ ದುಡ್ಡು ಕೊಡಬೇಡಿ. ಲೆಗೊ 2021ರಲ್ಲಿ 9,090 ತುಣುಕಿನ, 135 ಸೆಂ.ಮೀ ಉದ್ದದ ಟೈಟಾನಿಕ್ ಹೊರತಂದಿತು. ಅದೇ ಚಿತ್ರ ಹಾಕಿ, ಹತ್ತರಲ್ಲೊಂದು ಪಾಲು ಬೆಲೆ ಬರೆದ ಜಾಹೀರಾತು ಕಂಡರೆ ಮುಂದೆ ಸಾಗಿ. ಹಾಗೆ ಚಿತ್ರ ತೋರಿಸಿ ಅಂಗೈಯಗಲದ ಪೊಟ್ಟಣ ಕಳಿಸುವವರೂ ಇದ್ದಾರೆ.

ಚಿತ್ರ ನೋಡಿ ಎಂದೂ ನಿರ್ಧರಿಸಬಾರದು. ಕಟ್ಟಿದ ಮೇಲೆ ಹಡಗಿನ ಉದ್ದ ಎಷ್ಟು ಸೆಂಟಿಮೀಟರ್ ಎಂದು ಬರೆದಿದೆಯೇ ನೋಡಿ. ಸಾಮಾನ್ಯ ಬ್ಲಾಕಿನಲ್ಲಿ ಒಂದು ಉಬ್ಬಿನ ನಡುವಿನಿಂದ ಪಕ್ಕದ ಉಬ್ಬಿನ ನಡುವಿಗೆ 8 ಮಿ.ಮೀ. ಸಣ್ಣ ಬ್ಲಾಕು ಅಂತ ಬರುವವುಗಳಲ್ಲಿ ಅದರ ಅರ್ಧದಷ್ಟೇ. ತುಣುಕು ಸಾವಿರ ದಾಟಿಯೂ ಹಡಗಿನ ಉದ್ದ ಒಂದು ಗೇಣಿನಷ್ಟೇ ಇದ್ದರೆ ಅದು ಸಣ್ಣ ಬ್ಲಾಕಿನದು ಅಂತಲೇ ತಿಳಿಯಿರಿ. ಅದೂ ಚೆಂದವೇ ಆಗುತ್ತದೆ, ಆದರೆ ಹತ್ತು ವರ್ಷದ ಮಕ್ಕಳ ಬೆರಳಿಗೂ ಅರವತ್ತರ ಕಣ್ಣಿಗೂ ಕಷ್ಟ. ಮೊದಲ ಸಲ ಕಟ್ಟುವವರು 8 ಮಿ.ಮೀ ಅಳತೆಯದನ್ನೇ ತರಿಸಿ.

ಮಕ್ಕಳ ಕೈಗೆ ಕೊಡುವುದಾದರೆ ಪೆಟ್ಟಿಗೆಯ ಮೇಲೆ ಐಎಸ್‌ಐ ಗುರುತು ಇರಲಿ. 14 ವರ್ಷದೊಳಗಿನ ಮಕ್ಕಳ ಆಟಿಕೆಗೆ ನಮ್ಮ ದೇಶದಲ್ಲಿ 2021ರ ಜನವರಿ 1ರಿಂದ ಅದು ಕಡ್ಡಾಯವಾಗಿದೆ. ಮನೆಯಲ್ಲಿ ಅಂಬೆಗಾಲಿಡುವ ಕೂಸಿದ್ದರೆ ಈ ಕೆಲಸ ಬಾಗಿಲು ಹಾಕಿಕೊಂಡು ಮಾಡುವಂಥದ್ದು. ಒಂದುಬ್ಬಿನ ತುಣುಕು ಗಂಟಲಿಗೆ ಸರಿಯಾಗಿ ಸಿಕ್ಕಿಕೊಳ್ಳುವ ಅಳತೆಯದು.

ಕೊನೆಗೊಂದು, ವಾಪಸ್ ಮಾಡುವ ಅವಧಿ. ಹತ್ತು ದಿನವೋ ಏಳು ದಿನವೋ ನೋಡಿಟ್ಟುಕೊಂಡು, ಪೆಟ್ಟಿಗೆ ಬಂದ ವಾರದಲ್ಲೇ ಬಿಡುವು ಇರುವಂತೆ ತರಿಸಿ. ತರಿಸಿ ಅಟ್ಟದ ಮೇಲಿಟ್ಟು ದೀಪಾವಳಿಗೆ ಬಿಚ್ಚಿದರೆ ಕಡಿಮೆ ಬಿದ್ದ ತುಣುಕಿಗೆ ಕೇಳುವವರು ಯಾರೂ ಇರುವುದಿಲ್ಲ.

ಬಿಚ್ಚುವುದು, ತೊಳೆಯುವುದು

ಪೆಟ್ಟಿಗೆ ಬಿಚ್ಚಿದಾಗ ಒಳಗೆ ಚಿಕ್ಕ ಚಿಕ್ಕ ಪ್ಲಾಸ್ಟಿಕ್ ಚೀಲಗಳಿರುತ್ತವೆ. ಚೀಲದ ಮೇಲೆ 1, 2, 3 ಎಂದು ಅಂಕಿ ಇದ್ದರೆ ಪುಣ್ಯ. ಅಂಕಿ ಇದ್ದರೆ ಒಂದು ಚೀಲದ್ದು ಮುಗಿಯುವವರೆಗೆ ಇನ್ನೊಂದನ್ನು ಬಿಚ್ಚಲೇಬೇಡಿ. ನಮ್ಮದರಲ್ಲಿ ಅಂಕಿ ಇರಲಿಲ್ಲ, ಹನ್ನೊಂದು ಚೀಲದಲ್ಲೂ ಎಲ್ಲ ಬೆರಕೆ. ಬಿಚ್ಚುವ ಮುನ್ನ ಎಲ್ಲ ಚೀಲಗಳನ್ನೂ ಜಮಖಾನದ ಮೇಲೆ ಹರಡಿ ಫೋಟೊ ತೆಗೆದಿಟ್ಟುಕೊಂಡೆವು. ತುಣುಕು ಕಡಿಮೆ ಬಂದರೆ ಮಾರಿದವರಿಗೆ ತೋರಿಸಲು ಆ ಫೋಟೊ ಬೇಕಾಗುತ್ತದೆ.

ಕೆಲವು ಕಿಟ್‌ಗಳಿಗೆ ಎಣ್ಣೆಯಂಥ ಜಿಡ್ಡು, ಘಾಟು ವಾಸನೆ ಇರುತ್ತದೆ. ಜಿಡ್ಡಿದ್ದರೆ ಹಿಡಿತ ಸಡಿಲವಾಗುತ್ತದೆ, ಅದಕ್ಕೇ ತೊಳೆಯಿರಿ ಅನ್ನುತ್ತೇನೆ. ಉಗುರುಬೆಚ್ಚಗಿನ ನೀರಿಗೆ ಪಾತ್ರೆ ತೊಳೆಯುವ ಸೋಪಿನ ನೀರು ನಾಲ್ಕು ಹನಿ ಹಾಕಿ, ಅಕ್ಕಿ ತೊಳೆಯುವ ಜಾಲರಿಯಲ್ಲಿ ತುಣುಕುಗಳನ್ನಿಟ್ಟು ಅದ್ದಿ ಅಲ್ಲಾಡಿಸಿ. ನೀರು 40 ಡಿಗ್ರಿ ದಾಟಬಾರದು. ದಾರ, ಬಟ್ಟೆಯ ಹಾಯಿ, ಸ್ಟಿಕ್ಕರು, ಬಣ್ಣದ ಅಚ್ಚು ಇರುವ ತುಣುಕು ಇವುಗಳನ್ನು ಮೊದಲೇ ತೆಗೆದಿಡಿ. ತೊಳೆದದ್ದನ್ನು ಹಳೇ ಧೋತರದ ಮೇಲೆ ಹರವಿ ಫ್ಯಾನಿನ ಕೆಳಗೆ ಒಂದು ರಾತ್ರಿ ಬಿಡಿ. ಮಾಳಿಗೆ ಮೇಲೆ ಬಿಸಿಲಿಗೆ ಹಾಕಬೇಡಿ. ನಮ್ಮ ಏಪ್ರಿಲ್ ಬಿಸಿಲಿಗೆ ಹಪ್ಪಳ ಸಂಡಿಗೆ ಒಣಗಿಸುವುದು ಸರಿ, ಬಿಳಿ ಪ್ಲಾಸ್ಟಿಕ್ ಬಿಸಿಲಿಗೆ ಹಳದಿಗೆ ತಿರುಗುತ್ತದೆ.

ಹಸನು ಮಾಡುವುದು

ಜೋಳ ಹಸನು ಮಾಡಿದವರಿಗೆ ಈ ಕೆಲಸ ಹೇಳಿಕೊಡಬೇಕಾಗಿಲ್ಲ. ಪರಾತದಲ್ಲಿ ಒಂದೊಂದು ಹಿಡಿ ಸುರುವಿಕೊಂಡು, ಬೆರಳಿನಿಂದ ಸರಿಸುತ್ತಾ, ಬೇಕಾದದ್ದನ್ನು ಅತ್ತ, ಬೇಡದ್ದನ್ನು ಇತ್ತ ಮಾಡುವುದು. ನಮ್ಮ ವೈನಿ, ಅಂದರೆ ಅಣ್ಣನ ಹೆಂಡತಿ, ಬ್ಲಾಕು ಕಟ್ಟುವುದರಲ್ಲಿ ಅಷ್ಟೇನೂ ಆಸಕ್ತಿ ಇಲ್ಲದವರು. ಆದರೆ ಆರಿಸುವ ಹೊತ್ತಿಗೆ ತಾವೇ ಬಂದು ಕೂತರು, ಅವರ ಕೈ ನಮ್ಮಿಬ್ಬರ ಕೈಗಿಂತ ಮೂರು ಪಟ್ಟು ಚುರುಕು.

ಎಲ್ಲರೂ ಮೊದಲು ಬಣ್ಣದ ಪ್ರಕಾರ ಗುಂಪು ಮಾಡುತ್ತಾರೆ. ಹಾಗೆ ಮಾಡಬೇಡಿ. ಹಾಯಿಹಡಗಿನ ಕಿಟ್‌ನಲ್ಲಿ ಅರ್ಧಕ್ಕರ್ಧ ಕಂದು ಬಣ್ಣವೇ ಇರುತ್ತದೆ. ಆರುನೂರು ಕಂದು ತುಣುಕುಗಳ ರಾಶಿಯಲ್ಲಿ ಒಂದುಬ್ಬಿನ ಕಂದು ಪ್ಲೇಟು ಹುಡುಕುವುದು ಹುಲ್ಲಿನ ಬಣವೆಯಲ್ಲಿ ಸೂಜಿ ಹುಡುಕಿದಂತೆಯೇ. ಆಕಾರದ ಪ್ರಕಾರ ಗುಂಪು ಮಾಡಿ. ಒಂದೇ ಆಕಾರದ ರಾಶಿಯಲ್ಲಿ ಬಣ್ಣ ಬೇರೆಯಾದದ್ದು ಕಣ್ಣಿಗೆ ತಾನಾಗಿ ಹೊಡೆಯುತ್ತದೆ, ಆದರೆ ಒಂದೇ ಬಣ್ಣದ ರಾಶಿಯಲ್ಲಿ ಆಕಾರ ಬೇರೆಯಾದದ್ದು ಹಾಗೆ ಕಾಣುವುದಿಲ್ಲ.

ಗುಂಪು ಹೇಗೆ? ದಪ್ಪನೆಯ ಬ್ಲಾಕು ಒಂದು ಕಡೆ. ತೆಳ್ಳನೆಯ ಪ್ಲೇಟು ಇನ್ನೊಂದು ಕಡೆ, ಮೂರು ಪ್ಲೇಟು ಒಂದರ ಮೇಲೊಂದಿಟ್ಟರೆ ಒಂದು ಬ್ಲಾಕಿನ ಎತ್ತರ, ಅಂದರೆ 3.2 ಮಿ.ಮೀ ಮೂರು ಸಲ ಸೇರಿ 9.6 ಮಿ.ಮೀ. ಈ ಲೆಕ್ಕ ನೆನಪಿನಲ್ಲಿರಲಿ, ಮುಂದೆ ತಳ ಕಟ್ಟುವಾಗ ಉಪಯೋಗಕ್ಕೆ ಬರುತ್ತದೆ. ಮೇಲೆ ಉಬ್ಬಿಲ್ಲದ ನುಣುಪು ಟೈಲುಗಳು ಒಂದು ಕಡೆ. ಇಳಿಜಾರಿನವು, ಬಾಗಿದವು ಒಂದು ಕಡೆ. ಕೊಕ್ಕೆ, ಹಿಡಿಕೆ, ತಿರುಗಣೆ ಇರುವವು ಒಂದು ಕಡೆ. ಉದ್ದನೆಯ ಕಡ್ಡಿಗಳು ಒಂದು ಕಡೆ. ಎಡಕ್ಕೆ ಬಾಗಿದ ಮೂತಿಯ ತುಣುಕನ್ನೂ ಬಲಕ್ಕೆ ಬಾಗಿದ್ದನ್ನೂ ಈಗಲೇ ಬೇರೆ ಮಾಡಿ. ಹಡಗಿನಲ್ಲಿ ಇವು ಜೋಡಿ ಜೋಡಿಯಾಗಿ ಬರುತ್ತವೆ, ಬೆರೆತರೆ ತಲೆ ಕೆಡುತ್ತದೆ. ಚಿಕ್ಕವಕ್ಕೆ ಇಡ್ಲಿ ತಟ್ಟೆಯ ಕುಳಿ, ಸಾಂಬಾರ ಡಬ್ಬಿಯ ಬಟ್ಟಲು. ದೊಡ್ಡವಕ್ಕೆ ಊಟದ ತಾಟು.

ಆರಿಸುವಾಗಲೇ ಪ್ರತಿ ತುಣುಕಿನ ಅಂಚಿನ ಮೇಲೆ ಬೆರಳಾಡಿಸಿ. ಅಚ್ಚಿನಿಂದ ಬರುವಾಗ ಉಳಿದ ಮುಳ್ಳಿನಂಥ ಚೂರು ಕೆಲವಕ್ಕೆ ಅಂಟಿಕೊಂಡಿರುತ್ತದೆ. ಅದು ಇದ್ದರೆ ಪಕ್ಕದ ತುಣುಕು ಪೂರ್ತಿ ಕೂರುವುದಿಲ್ಲ. ಉಗುರು ಕತ್ತರಿಯಿಂದ ಕತ್ತರಿಸಿ, ಉಗುರು ಉಜ್ಜುವ ಪಟ್ಟಿಯಿಂದ ಒಂದೆರಡು ಸಲ ಉಜ್ಜಿದರೆ ಸಾಕು. ಅಪ್ಪ ಇಟ್ಟಂಗಿ ಬಡಿದು ನೋಡುತ್ತಿದ್ದಂತೆ ಇಲ್ಲಿಯೂ ಒಂದು ಪರೀಕ್ಷೆ ಇದೆ. ಒಂದು ಒಳ್ಳೆಯ ಬ್ಲಾಕನ್ನು ಕೈಯಲ್ಲಿ ಹಿಡಿದುಕೊಂಡು ಅದಕ್ಕೆ ಒಂದೊಂದಾಗಿ ಉಳಿದವನ್ನು ಕೂರಿಸಿ ತಲೆಕೆಳಗು ಮಾಡಿ. ಬಿದ್ದುಹೋದವು ಸಡಿಲ. ಎಲ್ಲ 1,260ಕ್ಕೂ ಇದು ಬೇಡ, ದೊಡ್ಡ ಬ್ಲಾಕು ಮತ್ತು ಉದ್ದ ಪ್ಲೇಟುಗಳಿಗೆ ಮಾತ್ರ ಮಾಡಿ. ಸಡಿಲವಾದವನ್ನು ಬೇರೆ ಬಟ್ಟಲಿಗೆ ಹಾಕಿ, ಎಸೆಯಬೇಡಿ.

ಇನ್ನು ಎಣಿಕೆ. ಸೂಚನೆ ಪುಸ್ತಕದ ಕೊನೆಯ ಪುಟಗಳಲ್ಲಿ ಯಾವ ತುಣುಕು ಎಷ್ಟು ಎಂಬ ಪಟ್ಟಿ ಇರುತ್ತದೆ. ಪೆನ್ಸಿಲ್ ಹಿಡಿದು ಒಂದೊಂದಕ್ಕೂ ಗುರುತು ಹಾಕುತ್ತಾ ಹೋಗಿ. ನಮಗೆ ಇದಕ್ಕೇ ಎರಡು ಸಂಜೆ ಹಿಡಿಯಿತು. ಕೊನೆಗೆ ನಾಲ್ಕು ತುಣುಕು ಕಡಿಮೆ, ಒಂದುಬ್ಬಿನವು ಹದಿನಾಲ್ಕು ಹೆಚ್ಚು. ಮಾರಿದವರಿಗೆ ಪುಟದ ಫೋಟೊದಲ್ಲಿ ಆ ನಾಲ್ಕಕ್ಕೆ ಸುತ್ತು ಹಾಕಿ ಕಳಿಸಿದೆವು. ಎರಡು ಬಂದವು. ಉಳಿದೆರಡು ನಾಲ್ಕುಬ್ಬಿನ ಚೌಕ ಪ್ಲೇಟುಗಳು, ಅವುಗಳ ಬದಲಿಗೆ ಎರಡೆರಡು ಉಬ್ಬಿನ ಪ್ಲೇಟನ್ನು ಜೋಡಿಯಾಗಿ ಇಟ್ಟೆವು. ಹೊಟ್ಟೆಯೊಳಗೆ ಮುಚ್ಚಿಹೋಗುವ ಜಾಗದಲ್ಲಿ ಬಣ್ಣ ಯಾವುದಾದರೂ ನಡೆಯುತ್ತದೆ. ಹೊರಗೆ ಕಾಣುವ ಜಾಗದ ತುಣುಕು ಕಡಿಮೆ ಬಿದ್ದರೆ, ಒಳಗೆ ಎಲ್ಲೋ ಅದೇ ಬಣ್ಣದ್ದು ಬಳಸಲು ಹೇಳಿರುತ್ತಾರೆ. ಅದನ್ನು ಹೊರಗೆ ತಂದು, ಒಳಕ್ಕೆ ಬೇರೆ ಬಣ್ಣದ್ದು ಹಾಕಿ.

ಪುಸ್ತಕ ಓದುವುದು

ಅಗ್ಗದ ಕಿಟ್‌ನ ಪುಸ್ತಕದಲ್ಲಿ ಮುದ್ರಣ ಮಸುಕು. ಕಡು ಬೂದು, ಕಪ್ಪು ಎರಡೂ ಒಂದೇ ತರಹ ಕಾಣುತ್ತವೆ, ಕೆಂಗಂದು ಮತ್ತು ಕಡುಗಂದು ಸಹ ಹಾಗೇ. ಹಗಲು ಬೆಳಕಿನಲ್ಲಿ ಕಿಟಕಿಯ ಬಳಿ ಕೂತು ಓದಿ. ಮಸುಕಾದ ಪುಟದ ಫೋಟೊ ತೆಗೆದು ಫೋನಿನಲ್ಲಿ ದೊಡ್ಡದು ಮಾಡಿದರೆ ಗೆರೆಗಳು ಸ್ಪಷ್ಟವಾಗುತ್ತವೆ.

ಜಾಗ ಗೊತ್ತಾಗದಿದ್ದರೆ ಉಬ್ಬು ಎಣಿಸಿ. “ಮೂತಿಯಿಂದ ಏಳನೇದ್ದು, ಎಡದಂಚಿನಿಂದ ಮೂರನೇದ್ದು” ಎಂದು ಒಬ್ಬರು ಜೋರಾಗಿ ಹೇಳುವುದು, ಇನ್ನೊಬ್ಬರು ಕೂರಿಸುವುದು. ಮಗು ಹೇಳಲಿ, ನೀವು ಕೂರಿಸಿ. ಒಂದು ಪುಟ ಮುಗಿದ ಮೇಲೆ ಅದಲುಬದಲು. ನಾವು ಹೀಗೆ ಮಾಡಿದ್ದರಿಂದ ಇಡೀ ಹಡಗಿಗೆ ಮೂರೇ ಮೂರು ಸಲ ಬಿಚ್ಚಿ ಕಟ್ಟಬೇಕಾಯಿತು. ಪ್ರತಿ ಹಂತಕ್ಕೆ ಬೇಕಾದ ತುಣುಕುಗಳನ್ನು ಮೊದಲು ತೆಗೆದು ಒಂದು ಬಟ್ಟಲಲ್ಲಿಟ್ಟುಕೊಂಡು, ಆಮೇಲೆ ಕಟ್ಟಿ. ಹಂತ ಮುಗಿದಾಗ ಬಟ್ಟಲು ಖಾಲಿ ಇರಬೇಕು. ಒಂದು ಉಳಿದರೂ ಮುಂದಿನ ಪುಟ ತಿರುವಬೇಡಿ.

ತಳ

ಹಡಗಿನ ತಳವನ್ನು ಮನೆಯ ಬುನಾದಿಯಂತೆ ನೋಡಿ. ಮೊದಲು ಬೇಕಾದದ್ದು ಸಮತಟ್ಟು ಜಾಗ. ಹಾಸಿಗೆ ಮೇಲೆ, ಜಮಖಾನದ ಮೇಲೆ ಕಟ್ಟಬೇಡಿ. ಟೇಬಲ್ಲು, ಇಲ್ಲವೇ ಅಡುಗೆ ಕಟ್ಟೆಯ ಕಲ್ಲು. ಇಳಕಲ್ಲಿನ ಗ್ರಾನೈಟ್ ಹಾಸಿದ ಕಟ್ಟೆ ನಮ್ಮ ಮನೆಯಲ್ಲಿದೆ, ಅದಕ್ಕಿಂತ ಸಪಾಟಾದ ಜಾಗ ನನಗೆ ಸಿಗಲಿಲ್ಲ. ರಾತ್ರಿ ಅಡುಗೆ ಮುಗಿದ ಮೇಲೆ ಅಲ್ಲೇ ಕಟ್ಟಿದೆವು.

ತಳದಲ್ಲಿ ಉದ್ದುದ್ದ ಪ್ಲೇಟುಗಳು ಎರಡು ಮೂರು ಪದರ ಬರುತ್ತವೆ. ಗೋಡೆ ಕಟ್ಟುವವರ ಮೊದಲ ನೇಮ ಇಲ್ಲಿಯೂ ಸಲ್ಲುತ್ತದೆ: ಸಂದಿನ ಮೇಲೆ ಸಂದು ಬರಬಾರದು. ಕೆಳಗಿನ ಎರಡು ಪ್ಲೇಟು ಕೂಡುವ ಜಾಗದ ಮೇಲೆ ಮೇಲಿನ ಪ್ಲೇಟಿನ ನಡುಭಾಗ ಕೂರಬೇಕು. ಪುಸ್ತಕದಲ್ಲಿ ಸಂದಿನ ಮೇಲೆ ಸಂದು ಬಂದಿದ್ದರೆ ಪುಸ್ತಕ ಬಿಟ್ಟು ನಿಮ್ಮ ಬುದ್ಧಿಯಂತೆ ಮಾಡಿ. ನಮ್ಮ ಹಡಗಿನ ನಡುವೆ, ದೊಡ್ಡ ಕಂಬದ ಕೆಳಗೇ, ಮೂರು ಸಂದು ಒಂದೇ ಗೆರೆಗೆ ಬಂದಿದ್ದವು. ಎತ್ತಿದರೆ ಹಡಗು ಅಲ್ಲಿಯೇ ಎರಡು ತುಂಡಾಗುತ್ತಿತ್ತು. ಮೊದಲ ಸಲ ಆಗಿಯೂ ಬಿಟ್ಟಿತು, ಆರನೇ ದಿನ, ಬದಿಗೋಡೆ ಎಲ್ಲ ಎಬ್ಬಿಸಿದ ಮೇಲೆ. ಆಮೇಲೆ ತಳಕ್ಕೆ ಹೋಗಿ, ನಡುವಿನ ಎರಡು ಪ್ಲೇಟುಗಳ ಜಾಗ ಅದಲುಬದಲು ಮಾಡಿ, ಉದ್ದನೆಯದನ್ನು ಸಂದಿನ ಮೇಲೆ ತಂದೆವು. ಅದರ ನಂತರ ಅದು ಅಲುಗಿಲ್ಲ. ಎರಡು ದಿನದ ಕೆಲಸ ಹೋಯಿತು. ಹಾಗಾಗಿ ಬದಿಗೋಡೆ ಎಬ್ಬಿಸುವ ಮುನ್ನವೇ ತಳವನ್ನು ಎರಡೂ ತುದಿಯಿಂದ ಹಿಡಿದು ಎತ್ತಿ ನೋಡಿ. ನಡುವೆ ಜೋತು ಬೀಳುತ್ತಿದ್ದರೆ ಅಲ್ಲಿ ಸಂದು ಇದೆ ಎಂದರ್ಥ.

ಒತ್ತುವ ರೀತಿಗೂ ಒಂದು ಕ್ರಮ ಇದೆ. ಹೆಬ್ಬೆರಳಿನಿಂದ ಒಂದೊಂದೇ ಉಬ್ಬು ಒತ್ತುತ್ತಾ ಹೋದರೆ ಬೆರಳು ನೋಯುತ್ತದೆ, ಪ್ಲೇಟೂ ಪೂರ್ತಿ ಕೂರುವುದಿಲ್ಲ. ಲಟ್ಟಣಿಗೆ ತನ್ನಿ. ಚಪಾತಿ ಲಟ್ಟಿಸಿದಂತೆ ಒಂದು ತುದಿಯಿಂದ ಇನ್ನೊಂದು ತುದಿಗೆ ಭಾರ ಹಾಕಿ ಉರುಳಿಸಿ. ಚಿಟ್‌ಚಿಟ್ ಸದ್ದು ನಿಂತರೆ ಕೂತಿತು ಎಂದು ತಿಳಿಯಿರಿ. ಆಮೇಲೆ ಪಕ್ಕದಿಂದ ಕಣ್ಣು ಸಮಕ್ಕೆ ತಂದು, ಹಿಂದಿನಿಂದ ಬೆಳಕು ಬರುವಂತೆ ನೋಡಿ. ಪದರಗಳ ನಡುವೆ ಬೆಳಕಿನ ಗೆರೆ ಕಂಡರೆ ಅಲ್ಲಿ ಇನ್ನೊಮ್ಮೆ ಒತ್ತಿ.

ಇನ್ನೊಂದು ತೊಂದರೆ ಅಗ್ಗದ ಬ್ಲಾಕಿನಲ್ಲಿ ಹೆಚ್ಚಾಗಿ ಬರುತ್ತದೆ: ತಳ ಬಾಗುವುದು. ಒಂದೊಂದು ಬ್ಲಾಕು ತನ್ನ ಜಾಗಕ್ಕಿಂತ ಕೂದಲೆಳೆಯಷ್ಟು, 0.1 ಮಿ.ಮೀ, ಹೆಚ್ಚಿದ್ದರೂ 15 ಬ್ಲಾಕಿನ ಸಾಲಿಗೆ 1.5 ಮಿ.ಮೀ ಹೆಚ್ಚುತ್ತದೆ. ಕೆಳಗಿನ ಪ್ಲೇಟು ಅಷ್ಟು ಉದ್ದ ಇಲ್ಲ. ಆಗ ನಡು ಮೇಲೆದ್ದು ಎರಡೂ ತುದಿ ಕೆಳಗೆ ಬಾಗುತ್ತವೆ, ಹಡಗಿನ ನಡು ಟೇಬಲ್ಲಿಗೆ ತಾಗದೆ ಕಮಾನಿನಂತೆ ನಿಲ್ಲುತ್ತದೆ. ಇದಕ್ಕೆ ಮದ್ದು ಸುಲಭ. ಆ ಸಾಲಿನ ನಡುವೆ, ಒಳಗೆ ಮುಚ್ಚಿಹೋಗುವ ಕಡೆ, ಒಂದು ಉಬ್ಬಿನಷ್ಟು ಜಾಗ ಖಾಲಿ ಬಿಡಿ. ಅಥವಾ ಒಂದು ಬ್ಲಾಕು ತೆಗೆದು ಅದರ ಜಾಗದಲ್ಲಿ ಚಿಕ್ಕ ಪ್ಲೇಟುಗಳನ್ನು ಮೂರು ಪದರ ಇಡಿ, ಎತ್ತರ ಅಷ್ಟೇ ಬರುತ್ತದೆ. ಸಾಲು ಪೂರ್ತಿ ಇಟ್ಟು ಮುಗಿಯುವ ತನಕ ಯಾವುದನ್ನೂ ಗಟ್ಟಿ ಒತ್ತದೇ, ಕೊನೆಗೆ ಒಮ್ಮೆಲೇ ನಡುವಿನಿಂದ ಎರಡೂ ತುದಿಗೆ ಒತ್ತುತ್ತಾ ಹೋದರೂ ಬಾಗು ಕಡಿಮೆಯಾಗುತ್ತದೆ.

ಸಡಿಲ ತುಣುಕುಗಳ ಬಟ್ಟಲು ಈಗ ಹತ್ತಿರ ತೆಗೆದುಕೊಳ್ಳಿ. ಅವುಗಳನ್ನು ತಳದ ಒಳಭಾಗದಲ್ಲಿ, ಮೇಲಿನ ಭಾರವೇ ಹಿಡಿದುಕೊಳ್ಳುವ ಜಾಗದಲ್ಲಿ ಮುಗಿಸಿಬಿಡಿ. ಬದಿಗೆ ಅಡ್ಡವಾಗಿ ಅಂಟುವ ಜಾಗಕ್ಕೆ, ಕಂಬದ ಬುಡಕ್ಕೆ, ಗಟ್ಟಿ ಹಿಡಿತದವು ಮಾತ್ರ ಹೋಗಬೇಕು. ಹೊರಗೆ ಹಾಕಲೇಬೇಕಾದ ತುಣುಕು ಸಡಿಲವಿದ್ದರೆ ಉಬ್ಬಿನ ಮೇಲೆ ಬಣ್ಣವಿಲ್ಲದ ಉಗುರು ಪಾಲಿಶ್ ತೆಳ್ಳಗೆ ಒಂದು ಸಲ ಹಚ್ಚಿ, ಪೂರ್ತಿ ಒಣಗಿದ ಮೇಲೆ ಕೂರಿಸಿ. ಒಂದು ಪದರ ದಪ್ಪ ಬಂದು ಹಿಡಿಯುತ್ತದೆ. ಕ್ಷಣದಲ್ಲಿ ಹಿಡಿಯುವ ಅಂಟನ್ನು ನಾನು ಬಳಸುವುದಿಲ್ಲ. ಅದರ ಹಬೆಗೆ ಸುತ್ತಲಿನ ಬಣ್ಣದ ಮೇಲೆ ಬಿಳಿ ಬೂಷ್ಟು ಹಿಡಿದಂತೆ ಕಲೆ ಬೀಳುತ್ತದೆ, ಮುಂದೆ ತಪ್ಪು ಕಂಡರೆ ಬಿಚ್ಚಲೂ ಆಗುವುದಿಲ್ಲ.

ಬಿಗಿಯಾಗಿ ಸಿಕ್ಕಿಕೊಂಡದ್ದನ್ನು ಹಲ್ಲಿನಿಂದ ಕಚ್ಚಿ ಬಿಡಿಸಬೇಡಿ, ಮಕ್ಕಳು ಅದನ್ನೇ ಮಾಡಲು ಹೋಗುತ್ತಾರೆ. ಚಾಕು ಹಾಕಿದರೆ ಅಂಚಿಗೆ ಗಾಯ. ಅವಧಿ ಮುಗಿದ ಎಟಿಎಂ ಕಾರ್ಡಿನ ಮೂಲೆ ಸಂದಿಗೆ ಹಾಕಿ ಮೆಲ್ಲಗೆ ತಿರುಗಿಸಿ.

ಬದಿ ಮತ್ತು ಮೂತಿ

ಬದಿಗೋಡೆಗಳು ನೆಟ್ಟಗೆ ಮೇಲೇಳುವುದಿಲ್ಲ. ಬೇರೆಯಾಗಿ ಮಲಗಿಸಿ ಕಟ್ಟಿ, ಆಮೇಲೆ ಒಳಗಿನ ಚೌಕಟ್ಟಿನಿಂದ ಪಕ್ಕಕ್ಕೆ ಚಾಚಿದ ಉಬ್ಬುಗಳಿಗೆ ಒತ್ತುವಂಥವು. ಒತ್ತುವಾಗ ಒಳಗಡೆಯಿಂದ ಇನ್ನೊಂದು ಕೈ ಆಸರೆ ಕೊಡಲೇಬೇಕು, ಇಲ್ಲದಿದ್ದರೆ ಒಳಚೌಕಟ್ಟು ಒಳಕ್ಕೆ ಕುಸಿಯುತ್ತದೆ. ಎಡದ್ದು ಕೂರಿಸಿದ ಕೂಡಲೇ ಬಲದ್ದನ್ನೂ ಕೂರಿಸಿ. ಒಂದೇ ಬದಿ ಕಟ್ಟಿ ರಾತ್ರಿಯಿಡೀ ಬಿಟ್ಟರೆ ಭಾರಕ್ಕೆ ತಳ ತಿರುಚಿಕೊಳ್ಳುತ್ತದೆ.

ಮೂತಿಯ ಎರಡು ಕೆನ್ನೆಗಳು ಕೂಡುವಲ್ಲಿ ಸಣ್ಣ ಬಿರುಕು ಉಳಿಯುತ್ತದೆ. ಅದು ವಿನ್ಯಾಸದ್ದೇ. ಬೆರಳು ಹೋಗುವಷ್ಟು ಅಗಲವಿದ್ದರೆ ಮಾತ್ರ ಎಲ್ಲೋ ಒಂದುಬ್ಬು ತಪ್ಪಿದೆ ಎಂದು ಲೆಕ್ಕ.

ಡೆಕ್ಕು, ತೋಪು, ಕ್ಯಾಬಿನ್ನು, ಚುಕ್ಕಾಣಿ ಚಕ್ರ, ಲಂಗರು ಇವೆಲ್ಲ ಪುಸ್ತಕ ಹೇಳಿದಂತೆ ಮಾಡಿದರೆ ಆಯಿತು. ಇಲ್ಲಿ ಮಗುವಿಗೇ ಪೂರ್ತಿ ಬಿಟ್ಟುಕೊಡಿ. ನಮ್ಮ ಹುಡುಗಿ ಹದಿನಾರು ತೋಪುಗಳನ್ನು ಒಂದೇ ಕೂತಲ್ಲಿ ಕಟ್ಟಿ, ಎಲ್ಲವನ್ನೂ ಗೋಲಗುಮ್ಮಟದ ದಿಕ್ಕಿಗೆ ತಿರುಗಿಸಿಟ್ಟಳು.

ಕಂಬ

ಕಂಬಗಳು ದುಂಡನೆಯ ಬ್ಲಾಕುಗಳನ್ನು ಒಂದರ ಮೇಲೊಂದಿಟ್ಟು, ನಡುವೆ ಕಡ್ಡಿ ಹಾಯಿಸಿ ಮಾಡಿದಂಥವು. ಅಗ್ಗದ ಕಿಟ್‌ನ ಕಡ್ಡಿ ಕೆಲವೊಮ್ಮೆ ಸೊಟ್ಟಗಿರುತ್ತದೆ. ಕಟ್ಟೆಯ ಕಲ್ಲಿನ ಮೇಲೆ ಉರುಳಿಸಿ ನೋಡಿ. ನೆಟ್ಟಗಿದ್ದದ್ದು ಸಲೀಸಾಗಿ ಉರುಳುತ್ತದೆ, ಸೊಟ್ಟಗಿದ್ದದ್ದು ಕುಂಟುತ್ತದೆ. ಹೆಚ್ಚು ನೆಟ್ಟಗಿರುವುದನ್ನು ನಡುಗಂಬಕ್ಕೆ ಹಾಕಿ, ಏಕೆಂದರೆ ಅದೇ ಎಲ್ಲಕ್ಕಿಂತ ಎತ್ತರ.

ನಿಲ್ಲಿಸಿದ ಮೇಲೆ ಗೌಂಡಿ ಗೋಡೆಗೆ ಗುಂಡು ಬಿಟ್ಟು ನೋಡುವಂತೆ ದಾರಕ್ಕೆ ಒಂದು ನಟ್ಟು ಕಟ್ಟಿ ಕಂಬದ ಪಕ್ಕ ಇಳಿಬಿಡಿ. ಮುಂದಿನಿಂದ ಒಮ್ಮೆ, ಪಕ್ಕದಿಂದ ಒಮ್ಮೆ ನೋಡಿ. ಮೂರೂ ಕಂಬ ಮುಂದಿನಿಂದ ನೋಡಿದರೆ ಒಂದೇ ಕಂಬದಂತೆ ಕಾಣಬೇಕು. ವಾಲಿದ್ದರೆ ತಪ್ಪು ಕಂಬದಲ್ಲಿಲ್ಲ, ಬುಡದ ಪ್ಲೇಟು ಪೂರ್ತಿ ಕೂತಿಲ್ಲ ಅಷ್ಟೇ.

ಹಾಯಿ ಮತ್ತು ಹಗ್ಗ

ನಮ್ಮ ಕಿಟ್‌ನಲ್ಲಿ ಬಂದ ಹಾಯಿ ತೆಳು ಪ್ಲಾಸ್ಟಿಕ್ ಹಾಳೆ, ಮಡಿಕೆ ಬಿದ್ದು ಮುದ್ದೆಯಾಗಿತ್ತು. ಪ್ಲಾಸ್ಟಿಕ್ಕಿಗೆ ಇಸ್ತ್ರಿ ಹಿಡಿಯಲು ಆಗುವುದಿಲ್ಲ. ಎರಡು ದಿನ ದಪ್ಪ ಪುಸ್ತಕದ ಕೆಳಗಿಟ್ಟರೂ ಗೆರೆ ಹೋಗಲಿಲ್ಲ. ಕೊನೆಗೆ ಅವನ್ನೇ ಅಳತೆಗಿಟ್ಟುಕೊಂಡು ಹಳೇ ಬಿಳಿ ಹತ್ತಿ ಪಂಚೆಯಿಂದ ಹೊಸ ಹಾಯಿ ಕತ್ತರಿಸಿದೆವು. ಈ ಬದಲಾವಣೆ ಪ್ರತಿಯೊಬ್ಬರೂ ಮಾಡಬೇಕು ಅನ್ನುವುದು ನನ್ನ ಗಟ್ಟಿ ಅಭಿಪ್ರಾಯ. ಇಡೀ ಹಡಗಿನ ಮುಖವೇ ಬೇರೆಯಾಗುತ್ತದೆ.

ಬಟ್ಟೆಗೆ ಅನ್ನದ ಗಂಜಿ ಹಾಕಿ ಹಿಂಡಿ, ಅರೆಬರೆ ಹಸಿ ಇರುವಾಗ ಇಸ್ತ್ರಿ ಮಾಡಿ. ಒಣಗಿದ ಮೇಲೆ ಕತ್ತರಿಸಿ, ಮೊದಲೇ ಕತ್ತರಿಸಿದರೆ ಅಂಚಿನ ಎಳೆ ಬಿಚ್ಚುತ್ತದೆ. ಗಾಳಿ ತುಂಬಿದಂತೆ ಉಬ್ಬು ಬೇಕಿದ್ದರೆ, ಗಂಜಿ ಹಾಕಿದ ಹಸಿ ತುಂಡನ್ನು ಬೋರಲು ಹಾಕಿದ ಬೋಗುಣಿಯ ಬೆನ್ನಿನ ಮೇಲೆ ಹರಡಿ ಒಣಗಿಸಿ. ನೆತ್ತಿಯ ಬಾವುಟಕ್ಕೆ ವೈನಿ ತಮ್ಮ ಹೊಲಿಗೆ ಚೀಲದಿಂದ ಗುಳೇದಗುಡ್ಡ ಖಣದ ಚೂರೊಂದು ಕೊಟ್ಟರು. ಹೆಬ್ಬೆರಳಗಲದ ಬಾವುಟ. ಮನೆಗೆ ಬಂದವರೆಲ್ಲ ಮೊದಲು ಅದನ್ನೇ ಕೇಳುತ್ತಾರೆ.

ಹಗ್ಗಕ್ಕೆ ಕಿಟ್‌ನ ನೈಲಾನ್ ದಾರ ಜಾರುತ್ತದೆ, ಗಂಟು ನಿಲ್ಲುವುದಿಲ್ಲ. ದಪ್ಪ ಹತ್ತಿ ದಾರ ತಂದು, ಮೇಣದ ಬತ್ತಿಯ ತುಂಡಿನ ಮೇಲೆ ಎರಡು ಮೂರು ಸಲ ಎಳೆಯಿರಿ. ಚಪ್ಪಲಿ ಹೊಲಿಯುವವರು ದಾರಕ್ಕೆ ಮೇಣ ತಿಕ್ಕುವುದು ಇದಕ್ಕೇ. ಜುಂಗು ಕೂರುತ್ತದೆ, ಗಂಟು ಕಚ್ಚುತ್ತದೆ.

ಕಟ್ಟುವ ಕ್ರಮ ಮುಖ್ಯ. ಕಂಬಗಳನ್ನು ನಿಲ್ಲಿಸಿ ಹಿಡಿಯುವ ಹಗ್ಗಗಳು ಮೊದಲು, ಹಾಯಿ ಎಳೆಯುವ ಹಗ್ಗಗಳು ಆಮೇಲೆ. ನಿಜವಾದ ಹಡಗಿನಲ್ಲೂ ಇದೇ ಕ್ರಮ. ನಡುಗಂಬದಿಂದ ಮುಂದಕ್ಕೆ ಒಂದು ಕಟ್ಟಿದರೆ ತಕ್ಷಣ ಹಿಂದಕ್ಕೆ ಒಂದು. ಎಡಕ್ಕೊಂದು, ಬಲಕ್ಕೊಂದು. ಒಂದೇ ಕಡೆಯ ಎಲ್ಲವನ್ನೂ ಬಿಗಿದರೆ ಕಂಬ ಆ ಕಡೆ ವಾಲುತ್ತದೆ, ಪ್ಲಾಸ್ಟಿಕ್ ಕಂಬಕ್ಕೆ ಮರದ ಕಂಬದ ತ್ರಾಣ ಇಲ್ಲ. ದಾರ ಜೋಲಾಡದಿದ್ದರೆ ಸಾಕು, ಏಕತಾರಿಯಂತೆ ಮೀಟುವಷ್ಟು ಬಿಗಿ ಬೇಡ. ಗಂಟು ಹಾಕಿದ ಮೇಲೆ ತುದಿ ತಕ್ಷಣ ಕತ್ತರಿಸದೆ ಒಂದು ದಿನ ಬಿಡಿ, ಹತ್ತಿ ದಾರ ಸ್ವಲ್ಪ ಹಿಗ್ಗುತ್ತದೆ. ಮರುದಿನ ಮತ್ತೆ ಬಿಗಿದು ಕತ್ತರಿಸಿ. ಬೆರಳು ಹೋಗದ ಕಡೆ ಹುಬ್ಬು ತೀಡುವ ಚಿಮಟಿಗೆ ಬೇಕಾಗುತ್ತದೆ.

ಇಡುವ ಜಾಗ

ಮುಗಿದ ಸಂಜೆ ಹುಡುಗಿ ಕೇಳಿದಳು, “ಕಾಕಾ, ಇದನ್ನ ಹಿನ್ನೀರಿನಾಗ ಬಿಟ್ರ ತೇಲತೈತೇನು?”

“ಇಲ್ಲವ್ವ, ಸಂದಿ ಸಂದಿಗೆ ನೀರು ನುಗ್ಗತೈತಿ.”

ಕಾರಣವನ್ನೂ ಹೇಳಿದೆ. ಇಂಥ ಬ್ಲಾಕು ಸಾಮಾನ್ಯವಾಗಿ ಎಬಿಎಸ್ ಎಂಬ ಪ್ಲಾಸ್ಟಿಕ್ಕಿನದು, ಅದು ನೀರಿಗಿಂತ ಚೂರೇ ಚೂರು ಭಾರ. ಒಳಗಿನ ಗಾಳಿಯ ಬಲದಿಂದ ಸ್ವಲ್ಪ ಹೊತ್ತು ನಿಂತಂತೆ ಕಂಡು, ನೀರು ತುಂಬಿದ ಹಾಗೆ ಮುಳುಗುತ್ತದೆ. ಉಳಿದ ಹದಿನಾಲ್ಕು ತುಣುಕುಗಳನ್ನು ಒಂದರ ಮೇಲೊಂದು ಕೂರಿಸಿ ಬಕೆಟ್ಟಿನಲ್ಲಿ ಬಿಟ್ಟು ತೋರಿಸಿದೆ. ಎಷ್ಟು ಹೊತ್ತು ನಿಲ್ಲುತ್ತದೆ ಎಂದು ಅವಳು ಗಡಿಯಾರ ಹಿಡಿದು ನೋಡಿದಳು.

ನಮ್ಮ ಊರಿನ ದೊಡ್ಡ ಶತ್ರು ಧೂಳು. ಹಗ್ಗ, ಹಾಯಿ ಇರುವ ಹಡಗಿನ ಮೇಲೆ ಒಮ್ಮೆ ಧೂಳು ಕೂತರೆ ಬಟ್ಟೆಯಿಂದ ಒರೆಸಲು ಆಗುವುದಿಲ್ಲ. ಗಾಜಿನ ಅಂಗಡಿಯಲ್ಲಿ ಅಳತೆ ಕೊಟ್ಟರೆ ಮೀನಿನ ತೊಟ್ಟಿಯಂಥ ಪೆಟ್ಟಿಗೆ ಮಾಡಿಕೊಡುತ್ತಾರೆ, ಅದನ್ನು ಬೋರಲು ಹಾಕಿ ಮುಚ್ಚುವುದು ಎಲ್ಲಕ್ಕಿಂತ ಒಳ್ಳೆಯದು. ಅಳತೆ ಕೊಡುವಾಗ ಬಾವುಟದ ತುದಿಯಿಂದ ನಾಲ್ಕು ಬೆರಳು ಮೇಲೆ ಲೆಕ್ಕ ಹಿಡಿಯಿರಿ. ಗಾಜು ಬೇಡವೆಂದರೆ ವಾರಕ್ಕೊಮ್ಮೆ ಮೆತ್ತನೆಯ ಬಣ್ಣದ ಕುಂಚದಿಂದ ಮೇಲಿನಿಂದ ಕೆಳಕ್ಕೆ ಕೊಡವಿ. ಪಡುವಣ ಕಿಟಕಿಯ ಬಿಸಿಲು ಬೀಳದ ಕಪಾಟು ಹುಡುಕಿ.

ಎತ್ತುವಾಗ ಕಂಬ ಹಿಡಿಯಬಾರದು, ಬದಿಗೋಡೆಯನ್ನೂ ಹಿಡಿಯಬಾರದು. ಎರಡೂ ಅಂಗೈ ತಳದ ಕೆಳಗೆ, ಒಂದು ಮೂತಿಯ ಹತ್ತಿರ, ಒಂದು ಹಿಂಭಾಗದ ಹತ್ತಿರ. ಸೂಚನೆ ಪುಸ್ತಕ, ಉಳಿದ ತುಣುಕು, ಮೇಣ ತಿಕ್ಕಿದ ದಾರದ ಸುತ್ತು ಮೂರನ್ನೂ ಒಂದೇ ಡಬ್ಬಿಗೆ ಹಾಕಿ, ಮೇಲೆ ಹಡಗಿನ ಹೆಸರು ಬರೆದು, ಅದೇ ಕಪಾಟಿನಲ್ಲಿಡಿ. ನಮ್ಮ ಡಬ್ಬಿಯ ಮೇಲೆ ಹುಡುಗಿ “ಘಟಪ್ರಭಾ” ಎಂದು ಬರೆದಿದ್ದಾಳೆ.